ಎಣ್ಣೆಯೊಳಗಿನ ಹನಿ, ಹನಿಯೊಳಗಿನ ಕಿಣ್ವ

ಹಾವಿನ ವಿಷವನ್ನು ಈಥರಿಗೆ ಹಾಕಿದರೆ ಏನಾಗಬೇಕು? ಪಠ್ಯಪುಸ್ತಕವನ್ನು ನಂಬುವುದಾದರೆ, ಏನೂ ಆಗಬಾರದು. ವಿಷದಲ್ಲಿ ಹೆಚ್ಚಾಗಿ ಇರುವುದು ಪ್ರೋಟೀನು; ಪ್ರೋಟೀನಿಗೆ ಬೇಕಾದದ್ದು ನೀರು. ಈಥರ್, ಅಸಿಟೋನ್, ಆಲ್ಕೋಹಾಲುಗಳ ಸಹವಾಸಕ್ಕೆ ಬಿದ್ದ ಪ್ರೋಟೀನು ಸಾಮಾನ್ಯವಾಗಿ ಮಡಿಕೆ ಬಿಚ್ಚಿಕೊಂಡು, ಗರಣೆಗಟ್ಟಿ, ಕೆಲಸಕ್ಕೆ ಬಾರದಂತಾಗುತ್ತದೆ. ಆದರೆ ಅಮೆರಿಕದ ಜೀವರಸಾಯನ ವಿಜ್ಞಾನಿ ಡೊನಾಲ್ಡ್ ಹನಹಾನ್ 1952ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆದದ್ದೇ ಬೇರೆ. ಮೊಟ್ಟೆಯ ಹಳದಿಯಲ್ಲಿ, ಸೋಯಾದಲ್ಲಿ ಸಿಗುವ ಲೆಸಿಥಿನ್ ಎಂಬ ಕೊಬ್ಬು ಈಥರಿನಲ್ಲಿ ಕರಗಿತ್ತು. ಅದಕ್ಕೆ ಹಾವಿನ ವಿಷದ ಕಿಣ್ವ ಸೇರಿತು. ಕಿಣ್ವ ಸಾಯಲಿಲ್ಲ. ಲೆಸಿಥಿನ್ನಿನ ಎರಡು ಬಾಲಗಳಲ್ಲಿ ಒಂದನ್ನು ಕಚಕ್ಕನೆ ಕತ್ತರಿಸಿತು. ಬಾಲ ಕಳೆದುಕೊಂಡ ಲೆಸಿಥಿನ್ ಈಥರಿನಲ್ಲಿ ಕರಗಲಾರದೆ ಗಸಿಯಾಗಿ ತಳ ಸೇರಿತು.

ನೀರಿನಲ್ಲಿ ಕೆಲಸ ಮಾಡಬೇಕಾದ ಕಿಣ್ವ ಈಥರಿನಲ್ಲಿ ಹೇಗೆ ಬದುಕಿತು?

ಉತ್ತರ ಬರಲು 22 ವರ್ಷ ಬೇಕಾಯಿತು. 1974ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ರಾಬರ್ಟ್ ಮಿಸಿಯೊರೊವ್ಸ್ಕಿ ಮತ್ತು ಮೈಕೆಲ್ ವೆಲ್ಸ್ ಅದೇ ಬಗೆಯ ಕಿಣ್ವವನ್ನು ಅದೇ ಈಥರಿನಲ್ಲಿಟ್ಟು, ನೀರಿನ ಪ್ರಮಾಣವನ್ನು ಚೂರುಚೂರೇ ಬದಲಿಸುತ್ತ ನೋಡಿದರು. ನೀರು ಬದಲಾದಂತೆ ಕಿಣ್ವದ ವೇಗವೂ ಬದಲಾಗುತ್ತಿತ್ತು. ಕಿಣ್ವ ನಿಜಕ್ಕೂ ಈಥರಿನಲ್ಲಿ ಇರಲೇ ಇಲ್ಲ. ಲೆಸಿಥಿನ್ ಅಣುಗಳು ಗುಂಪುಗೂಡಿ, ತಮ್ಮ ನಡುವೆ ಅತ್ಯಲ್ಪ ನೀರನ್ನು ಹಿಡಿದಿಟ್ಟುಕೊಂಡಿದ್ದವು. ಕಿಣ್ವದ ಬಿಡಾರ ಆ ನೀರಿನಲ್ಲಿತ್ತು. ಈ ಗುಂಪುಗಳ ಹೆಸರು ಹಿಮ್ಮುಖ ಮಿಸೆಲ್.

ಮಿಸೆಲ್ ಎಂದರೇನೆಂದು ತಿಳಿಯಲು ಬಚ್ಚಲುಮನೆಯ ಸಾಬೂನು ಸಾಕು. ಸಾಬೂನಿನ ಅಣುವಿಗೆ ಎರಡು ಸ್ವಭಾವ. ಒಂದು ತುದಿಯಲ್ಲಿ ನೀರನ್ನು ಇಷ್ಟಪಡುವ ತಲೆ, ಇನ್ನೊಂದು ತುದಿಯಲ್ಲಿ ಜಿಡ್ಡನ್ನು ಇಷ್ಟಪಡುವ ಉದ್ದನೆಯ ಬಾಲ. ನೀರಿಗೆ ಬಿದ್ದಾಗ ಹಲವು ಅಣುಗಳು ಸೇರಿ, ಬಾಲಗಳನ್ನು ಒಳಗೆ ಮುಚ್ಚಿಟ್ಟುಕೊಂಡು, ತಲೆಗಳನ್ನು ಹೊರಗೆ ಚಾಚಿ ಉಂಡೆ ಕಟ್ಟುತ್ತವೆ. ತಟ್ಟೆಯ ಜಿಡ್ಡು ಆ ಉಂಡೆಯ ಒಡಲಲ್ಲಿ ಕುಳಿತು ನೀರಿನೊಡನೆ ಹರಿದುಹೋಗುತ್ತದೆ. ಅದೇ ಬಗೆಯ ಅಣುಗಳನ್ನು ನೀರಿನ ಬದಲು ಎಣ್ಣೆಗೆ ಹಾಕಿ, ಒಂದಿಷ್ಟೇ ನೀರು ಕೊಟ್ಟರೆ ಎಲ್ಲವೂ ಅದಲುಬದಲು. ಬಾಲಗಳು ಹೊರಗೆ, ತಲೆಗಳು ಒಳಗೆ, ನಟ್ಟನಡುವೆ ನೀರಿನ ಪುಟಾಣಿ ಕೊಳ. 1943ರಲ್ಲಿ ಕೇಂಬ್ರಿಜ್‌ನ ಹೋರ್ ಮತ್ತು ಶುಲ್ಮನ್ ಎಂಬಿಬ್ಬರು ಎಣ್ಣೆಯಲ್ಲಿ ನೀರು ಬೆರೆತೂ ಗಾಜಿನಂತೆ ತಿಳಿಯಾಗಿ ಉಳಿಯುವ ಇಂಥ ಮಿಶ್ರಣಗಳನ್ನು ವರ್ಣಿಸಿದ್ದರು. ಆದರೆ ಅದರೊಳಗೆ ಪ್ರೋಟೀನನ್ನು ಕೂರಿಸುವ ಯೋಚನೆ ಆಗ ಯಾರಿಗೂ ಬಂದಿರಲಿಲ್ಲ.

ಈ ಸಂಶೋಧನೆಯ ಕಥಾನಾಯಕನ ಪಟ್ಟ ಸಲ್ಲಬೇಕಾದದ್ದು ಒಂದು ಸಾಧಾರಣ ರಾಸಾಯನಿಕಕ್ಕೆ. ಪ್ರಯೋಗಾಲಯದಲ್ಲಿ ಅದರ ಹೆಸರು ಎಒಟಿ. ಔಷಧದ ಅಂಗಡಿಯಲ್ಲಿ ಅದೇ ಡಾಕ್ಯುಸೇಟ್ ಸೋಡಿಯಂ, ಮಲಬದ್ಧತೆಗೆ ಕೊಡುವ ಮದ್ದು. ಅದರ ಅಣುವಿಗೆ ಚಿಕ್ಕ ತಲೆ, ಕವಲೊಡೆದ ಎರಡು ದಪ್ಪ ಬಾಲ. ತಲೆ ಕಿರಿದು, ಬಾಲದ ಕಡೆ ಅಗಲ. ಇಂಥ ಆಕಾರದ ಅಣುಗಳು ಸಾಲಾಗಿ ನಿಂತರೆ ತಾವಾಗಿಯೇ ಒಳಕ್ಕೆ ಬಾಗುತ್ತವೆ. ಬೇರೆ ಎಷ್ಟೋ ಸಾಬೂನುಗಳು ಎಣ್ಣೆಯಲ್ಲಿ ಕೊಳ ಕಟ್ಟಲು ಆಲ್ಕೋಹಾಲಿನ ನೆರವು ಬೇಡುತ್ತವೆ. ಎಒಟಿಗೆ ಅದು ಬೇಡ. ಎಣ್ಣೆಯ ಜಾಗದಲ್ಲಿ ಸಾಮಾನ್ಯವಾಗಿ ಬಳಸುವುದು ಐಸೊಆಕ್ಟೇನ್. ಪೆಟ್ರೋಲಿನ ಗುಣಮಟ್ಟ ಅಳೆಯುವ ಆಕ್ಟೇನ್ ಅಳತೆಯಲ್ಲಿ 100 ಎಂಬ ಅಂಕ ಪಡೆದ ದ್ರವವೇ ಇದು. ಹೀಗೆ ಮಲಬದ್ಧತೆಯ ಮದ್ದು, ಪೆಟ್ರೋಲಿನ ಅಂಶ, ಒಂದು ಹನಿ ನೀರು, ಅದರಲ್ಲಿ ದನದ ಮೇದೋಜೀರಕ ಗ್ರಂಥಿಯಿಂದ ತೆಗೆದ ಕಿಣ್ವ. ಕೇಳಲು ವಾಮಾಚಾರದಂತಿದ್ದರೂ ಮಾಡಲು ತೀರಾ ಸುಲಭ.

ಒಂದು ಲೀಟರ್ ಐಸೊಆಕ್ಟೇನಿನಲ್ಲಿ ಸುಮಾರು 44 ಗ್ರಾಂ ಎಒಟಿ ಕರಗಿಸಬೇಕು. ಅದಕ್ಕೆ 18 ಮಿಲಿಲೀಟರ್ ನೀರು, ಅಂದರೆ ಮೂರೂವರೆ ಟೀ ಚಮಚದಷ್ಟು. ಅಲ್ಲಿಗೆ ಪ್ರತಿಯೊಂದು ಎಒಟಿ ಅಣುವಿಗೆ ಹತ್ತು ನೀರಿನ ಅಣು ಸಿಕ್ಕಂತಾಯಿತು. ನೀರಿಗೂ ಸಾಬೂನಿಗೂ ಇರುವ ಈ ಅನುಪಾತವೇ ಇಡೀ ವಿದ್ಯೆಯ ಕೀಲಿಕೈ. ಕೊಳದ ಗಾತ್ರವನ್ನು ನಿರ್ಧರಿಸುವುದು ಮುಖ್ಯವಾಗಿ ಅದೇ. ನೀರು ಹಾಕಿದ ಕೂಡಲೇ ದ್ರವ ಮಬ್ಬಾಗುತ್ತದೆ. ಚೆನ್ನಾಗಿ ಅಲುಗಾಡಿಸಿದರೆ ಮಬ್ಬು ಹರಿದು, ನೋಡಿದವರು ಬರಿಯ ಐಸೊಆಕ್ಟೇನ್ ಎಂದುಕೊಳ್ಳುವಷ್ಟು ತಿಳಿಯಾಗುತ್ತದೆ. ಕೊಳಗಳು ಅಷ್ಟು ಚಿಕ್ಕವು. ಅನುಪಾತ ಹತ್ತಿದ್ದಾಗ ಕೊಳದ ಅಡ್ಡಳತೆ ಮೂರೂವರೆ ನ್ಯಾನೋಮೀಟರಿನ ಆಸುಪಾಸು. ಕಣ್ಣಿಗೆ ಕಾಣುವ ಬೆಳಕಿನ ತರಂಗದ ಉದ್ದ ಅದರ ನೂರು ಪಟ್ಟಿಗೂ ಹೆಚ್ಚು, ಹಾಗಾಗಿ ಬೆಳಕು ಅದನ್ನು ಗಮನಿಸದೆ ದಾಟಿಹೋಗುತ್ತದೆ. ಒಂದು ಕೊಳದ ಸುತ್ತ ನೂರರ ಸುಮಾರು ಎಒಟಿ ಅಣುಗಳ ಕಾವಲು, ಒಳಗೆ ಸಾವಿರದ ಸುಮಾರು ನೀರಿನ ಅಣು.

ಇದರಲ್ಲಿ ಕಿಣ್ವವನ್ನು ಮೊದಲು ಶಿಸ್ತಾಗಿ ಪಳಗಿಸಿದ್ದು ಮಾಸ್ಕೋ ವಿಶ್ವವಿದ್ಯಾಲಯದ ತಂಡ. ಕಾರೆಲ್ ಮಾರ್ಟಿನೆಕ್, ಆಂದ್ರೇ ಲೆವಷೋವ್, ನತಾಲಿಯಾ ಕ್ಲ್ಯಾಚ್ಕೊ, ಇಲ್ಯಾ ಬೆರೆಜಿನ್ 1977ರಲ್ಲಿ ತಮ್ಮ ಮೊದಲ ವರದಿಯನ್ನು ಸೋವಿಯತ್ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ಹೊತ್ತಿಗೆ ಜ್ಯೂರಿಕ್‌ನಲ್ಲಿ ಪಿಯೆರ್ ಲುಯಿಜಿ ಲುಯಿಸಿ, ಎರಡು ವರ್ಷದ ಬಳಿಕ ಅಮೆರಿಕದಲ್ಲಿ ಫ್ರೆಡ್ ಮೆಂಗರ್ ಇದೇ ದಾರಿ ಹಿಡಿದರು. ಮೂರೂ ಕಡೆ ಮೊದಲ ಸಾಲಿನಲ್ಲೇ ಪರೀಕ್ಷೆಗೆ ಕುಳಿತದ್ದು ಕೈಮೊಟ್ರಿಪ್ಸಿನ್. ಊಟದ ಪ್ರೋಟೀನನ್ನು ನಮ್ಮ ಕರುಳಿನಲ್ಲಿ ಕತ್ತರಿಸುವ ಕಿಣ್ವ ಇದು. ಅದರ ಕೆಲಸದ ಬಗೆಯನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಮುಂದಿನ ಕಥೆ ಸಲೀಸು.

ಪ್ರೋಟೀನಿನ ಸರಪಣಿಯಲ್ಲಿ ಎರಡು ಅಮೈನೋ ಆಮ್ಲಗಳ ನಡುವಿನ ಕೊಂಡಿ ಬಲು ಗಟ್ಟಿ. ಬರಿಯ ನೀರಿನಲ್ಲಿ, ಕೋಣೆಯ ಉಷ್ಣತೆಯಲ್ಲಿ ಬಿಟ್ಟರೆ ಅಂಥ ಕೊಂಡಿಗಳಲ್ಲಿ ಅರ್ಧದಷ್ಟು ಮುರಿಯಲು 350ರಿಂದ 600 ವರ್ಷ ಬೇಕೆಂದು 1996ರಲ್ಲಿ ಅಮೆರಿಕದ ರಾಡ್ಜಿಕಾ ಮತ್ತು ವುಲ್ಫೆಂಡನ್ ಲೆಕ್ಕ ಹಾಕಿದರು. ವಿಜಯನಗರ ಸಾಮ್ರಾಜ್ಯ ಅಳಿದ ಕಾಲಕ್ಕೆ ನೀರಿಗೆ ಹಾಕಿಟ್ಟಿದ್ದರೆ ಈಗ ಅರ್ಧ ಮುರಿದಿರುತ್ತಿತ್ತು. ಕೈಮೊಟ್ರಿಪ್ಸಿನ್ ಅದನ್ನು ಸೆಕೆಂಡಿನ ಸಣ್ಣ ಪಾಲಿನಲ್ಲಿ ಮುಗಿಸುತ್ತದೆ. ಅದರ ಸರಪಣಿಯಲ್ಲಿ 57ನೆಯ ಜಾಗದ ಹಿಸ್ಟಿಡೀನ್, 102ನೆಯ ಜಾಗದ ಆಸ್ಪಾರ್ಟಿಕ್ ಆಮ್ಲ, 195ನೆಯ ಜಾಗದ ಸೆರೀನ್ ಒಂದರಿಂದೊಂದು ದೂರದಲ್ಲಿವೆ. ಆದರೆ ಪ್ರೋಟೀನು ಮಡಿಚಿಕೊಂಡಾಗ ಮೂರೂ ಒಂದೇ ಬಿಲದಲ್ಲಿ ಮುಖಾಮುಖಿಯಾಗುತ್ತವೆ. ಹಿಸ್ಟಿಡೀನು ಸೆರೀನಿನ ಹೈಡ್ರೋಜನ್ನನ್ನು ಎಳೆದುಕೊಳ್ಳುತ್ತದೆ. ಚುರುಕಾದ ಸೆರೀನು ಕೊಂಡಿಯ ಮೇಲೆ ಎರಗುತ್ತದೆ. ಕೊಂಡಿ ಮುರಿದು ಅರ್ಧ ತುಂಡು ಬಿಟ್ಟುಹೋಗುತ್ತದೆ, ಇನ್ನರ್ಧ ಸೆರೀನಿಗೇ ಅಂಟಿಕೊಂಡು ನಿಲ್ಲುತ್ತದೆ. ಆಗ ನೀರಿನ ಒಂದು ಅಣು ಬಂದು ಆ ಅಂಟನ್ನು ಬಿಡಿಸುತ್ತದೆ. ಕಿಣ್ವ ಮತ್ತೆ ಮೊದಲಿನಂತೆ.

ಈ ಕೊನೆಯ ಹೆಜ್ಜೆಯನ್ನು ನೆನಪಿಡಬೇಕು. ನೀರು ಇಲ್ಲಿ ಕಿಣ್ವದ ಸುತ್ತ ಸುಮ್ಮನೆ ತುಂಬಿಕೊಂಡಿರುವ ದ್ರವವಲ್ಲ, ಕ್ರಿಯೆಯಲ್ಲಿ ತಾನೇ ಪಾಲುದಾರ. ನೀರಿನ ಲಭ್ಯತೆಯನ್ನು ಹಿಡಿತದಲ್ಲಿಟ್ಟುಕೊಂಡವರು ಕಿಣ್ವದ ಲಗಾಮನ್ನೇ ಹಿಡಿದಂತೆ.

ಮಾಸ್ಕೋದವರು ಕಂಡ ವಿಚಿತ್ರವೆಂದರೆ, ನೀರಿನ ಅನುಪಾತವನ್ನು ಮೆಲ್ಲಗೆ ಏರಿಸುತ್ತ ಹೋದರೆ ಕಿಣ್ವದ ವೇಗ ಮೊದಲು ಏರುತ್ತದೆ, ಒಂದು ಶಿಖರ ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ. ಗ್ರಾಫ್ ಹಾಳೆಯ ಮೇಲೆ ಗಂಟೆಯ ಆಕಾರ. ನೀರು ಹೆಚ್ಚಾದಷ್ಟೂ ಕಿಣ್ವಕ್ಕೆ ಹಿತವಾಗಬೇಕಿತ್ತಲ್ಲ? ಕೈಮೊಟ್ರಿಪ್ಸಿನ್ನಿಗೆ ಶಿಖರ ಸಿಕ್ಕಿದ್ದು ಅನುಪಾತ ಹತ್ತರ ಆಸುಪಾಸಿನಲ್ಲಿ, ಕೊಳದ ಗಾತ್ರ ಹೆಚ್ಚುಕಡಿಮೆ ಕಿಣ್ವದ ಗಾತ್ರವೇ ಆದಾಗ. ಬೇರೆ ಕಿಣ್ವಗಳನ್ನು ಹಾಕಿದಾಗ ಶಿಖರದ ಜಾಗವೂ ಅವುಗಳ ಗಾತ್ರಕ್ಕೆ ತಕ್ಕಂತೆ ಸರಿಯಿತು. ತಂಡದ ವಿವರಣೆ ಹೀಗಿತ್ತು: ನೀರಿನಲ್ಲಿ ತೇಲುವ ಪ್ರೋಟೀನು ಸದಾ ಮಿಸುಕಾಡುತ್ತಿರುತ್ತದೆ. ಗರಗಸ ಎಳೆಯುವ ಮುನ್ನ ಬಡಗಿ ಹಲಗೆಯನ್ನು ಕಾಲಲ್ಲಿ ಅದುಮಿ ಹಿಡಿಯುವಂತೆ, ಬಿಗಿಯಾದ ಕೊಳದ ಗೋಡೆ ಕಿಣ್ವದ ಬೇಡದ ಅಲುಗಾಟವನ್ನು ತಡೆದು, ಮೂರೂ ಅಮೈನೋ ಆಮ್ಲಗಳನ್ನು ಸರಿಯಾದ ಭಂಗಿಯಲ್ಲಿ ನಿಲ್ಲಿಸುತ್ತದೆ. ಕೊಳ ದೊಡ್ಡದಾದರೆ ಹಿಡಿತ ಸಡಿಲ. ತೀರಾ ಚಿಕ್ಕದಾದರೆ ಕಿಣ್ವಕ್ಕೇ ಉಸಿರುಕಟ್ಟು.

ಇದೇ ಉಪಾಯದಿಂದ ಅವರು ಒಂದು ಸೊಗಸಾದ ಪ್ರಯೋಗವನ್ನೂ ಮಾಡಿದರು. ಗ್ಯಾಮಾ-ಗ್ಲುಟಮೈಲ್‌ಟ್ರಾನ್ಸ್‌ಫರೇಸ್ ಎಂಬ ಕಿಣ್ವದಲ್ಲಿ ಎರಡು ತುಂಡುಗಳಿವೆ, ಒಂದು ಹಗುರ, ಒಂದು ಭಾರ. ಅಲೆಕ್ಸಾಂಡರ್ ಕಬಾನೋವ್ ಮತ್ತು ಸಂಗಡಿಗರು ಅದನ್ನು ಹಿಮ್ಮುಖ ಮಿಸೆಲ್‌ಗಳಲ್ಲಿಟ್ಟು ಕೊಳದ ಗಾತ್ರ ಬದಲಿಸಿದಾಗ ಒಂದರ ಬದಲು ಮೂರು ಶಿಖರಗಳು ಕಂಡವು. ಚಿಕ್ಕ ಕೊಳದಲ್ಲಿ ಹಗುರ ತುಂಡು ಒಂಟಿಯಾಗಿ, ಅದಕ್ಕಿಂತ ದೊಡ್ಡದರಲ್ಲಿ ಭಾರದ ತುಂಡು ಒಂಟಿಯಾಗಿ, ಇನ್ನೂ ದೊಡ್ಡದರಲ್ಲಿ ಎರಡೂ ಜೋಡಿಯಾಗಿ ಕೆಲಸ ಮಾಡುತ್ತಿದ್ದವು. ಕೊಳವೇ ಜರಡಿಯಾಯಿತು.

ಲೋಟದಲ್ಲಿರುವ ನೀರೂ ಈ ಕೊಳದ ನೀರೂ ಒಂದೇ ಎಂದು ತಿಳಿದರೆ ಮೋಸಹೋದಂತೆ. ಎಒಟಿಯ ತಲೆಗೆ ಋಣ ವಿದ್ಯುತ್ತು, ಪಕ್ಕದಲ್ಲೇ ಧನ ವಿದ್ಯುತ್ತಿನ ಸೋಡಿಯಂ. ಮೊದಲು ಹಾಕಿದ ನೀರೆಲ್ಲ ಇವುಗಳ ಆರೈಕೆಗೇ ಮೀಸಲು. ಪ್ರತಿ ಎಒಟಿಗೆ ಆರೆಂಟು ಅಣು ನೀರು ಸಿಗುವ ತನಕ ಕೊಳದಲ್ಲಿ ಸ್ವತಂತ್ರ ನೀರು ಇಲ್ಲವೆಂದೇ ಹೇಳಬೇಕು. ಗೋಡೆಗೆ ಕಚ್ಚಿಕೊಂಡ ಈ ನೀರಿನ ಜಡತನವನ್ನು ಅಳೆದ ಹೆಗ್ಗಳಿಕೆ ಕೋಲ್ಕತ್ತಕ್ಕೆ ಸಲ್ಲುತ್ತದೆ. ಸಿ.ವಿ. ರಾಮನ್ ತಮ್ಮ ಹೆಸರಿನ ಪರಿಣಾಮವನ್ನು ಕಂಡುಕೊಂಡ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಸಂಸ್ಥೆಯಲ್ಲಿ ಕಂಕನ್ ಭಟ್ಟಾಚಾರ್ಯ ಅವರ ತಂಡ 1996ರಲ್ಲಿ ಕೂಮರಿನ್ ಎಂಬ ಬಣ್ಣವನ್ನು ಎಒಟಿ ಕೊಳಗಳಿಗೆ ಸೇರಿಸಿತು. ಬೆಳಕಿನ ಮಿಂಚೊಂದು ತಾಕಿದಾಗ ಬಣ್ಣದ ಅಣುವಿನ ವಿದ್ಯುತ್ ಹಂಚಿಕೆ ಥಟ್ಟನೆ ಬದಲಾಗುತ್ತದೆ. ಸುತ್ತಲ ನೀರಿನ ಅಣುಗಳು ಅದಕ್ಕೆ ತಕ್ಕಂತೆ ಮಗ್ಗುಲು ಬದಲಿಸಬೇಕು. ಸಾಮಾನ್ಯ ನೀರಿಗೆ ಇದಕ್ಕೆ ಒಂದು ಪಿಕೋಸೆಕೆಂಡೂ ಬೇಕಿಲ್ಲ. ಸಣ್ಣ ಕೊಳದ ನೀರು ತೆಗೆದುಕೊಂಡ ಸಮಯ ಸುಮಾರು 8 ನ್ಯಾನೋಸೆಕೆಂಡು, ಅಂದರೆ ಸಾವಿರಾರು ಪಟ್ಟು ನಿಧಾನ. ಕೊಳ ದೊಡ್ಡದು ಮಾಡಿದರೆ ತುಸು ಚುರುಕಾಗುತ್ತದೆ, ಆದರೆ ಲೋಟದ ನೀರಿನ ಚುರುಕು ಬರುವುದೇ ಇಲ್ಲ.

ಮರುವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ನೀಲಾಶಿಸ್ ನಂದಿ ಮತ್ತು ಬಿಮಾನ್ ಬಾಗ್ಚಿ ಪ್ರೋಟೀನುಗಳ ಮೈಗಂಟಿದ ನೀರಿನ ಬಗ್ಗೆ ಒಂದು ಸಿದ್ಧಾಂತ ಮಂಡಿಸಿದರು. ಮೈಗಂಟಿದ ನೀರು, ಬಿಡುಬೀಸಾಗಿ ಓಡಾಡುವ ನೀರು, ಇವೆರಡರ ನಡುವೆ ಅಣುಗಳು ಸದಾ ಜಾಗ ಬದಲಿಸಿಕೊಳ್ಳುತ್ತಿರುತ್ತವೆ, ನಿಧಾನಗತಿಯ ಮೂಲ ಅದೇ ಎಂಬುದು ಅದರ ತಿರುಳು. ಜೀವಕೋಶದೊಳಗಿನ ನೀರಿನ ಬಹುಪಾಲು ಪ್ರೋಟೀನಿಗೋ ಪೊರೆಗೋ ಹತ್ತಿರದಲ್ಲೇ ಇರುತ್ತದೆ ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. ಮಾರ್ಟಿನೆಕ್ ಮತ್ತು ಬಳಗ 1982ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದಾಗ ಅವರ ವಾದದ ಬೆನ್ನೆಲುಬೂ ಇದೇ ಆಗಿತ್ತು. ಕಿಣ್ವಗಳನ್ನು ಬೀಕರಿನ ನೀರಿನಲ್ಲಿ ತೆಳ್ಳಗೆ ಕರಗಿಸಿ ಅಳೆಯುವುದು ನಮ್ಮ ಅನುಕೂಲಕ್ಕೆ. ಕಿಣ್ವದ ನಿಜವಾದ ಮನೆ ಕಿಕ್ಕಿರಿದ, ಪೊರೆಗಳಿಂದ ತುಂಬಿದ, ನೀರಿಗೂ ರೇಷನ್ ಇರುವ ಜಾಗ. ಆ ಲೆಕ್ಕದಲ್ಲಿ ಪೆಟ್ರೋಲಿನಲ್ಲಿ ತೇಲುವ ಸಾಬೂನಿನ ಗುಳ್ಳೆ ಬೀಕರಿಗಿಂತ ಮನೆಗೆ ಹತ್ತಿರ. ಈ ಮಾತಿನಲ್ಲಿ ಒಂದಿಷ್ಟು ಉತ್ಪ್ರೇಕ್ಷೆ ಇದೆ, ಸುಳ್ಳಿಲ್ಲ.

ಕೊಳದಲ್ಲಿ ಆಮ್ಲೀಯತೆಯನ್ನು ಅಳೆಯುತ್ತೇವೆಂದು ಹೊರಟವರಿಗೆ ಇನ್ನೊಂದು ಪೇಚು ಕಾದಿರುತ್ತದೆ. ಪಿಎಚ್ 7 ಇರುವ ನೀರಿನಲ್ಲಿ ಒಂದು ಹೈಡ್ರೋಜನ್ ಅಯಾನಿಗೆ 55 ಕೋಟಿ ನೀರಿನ ಅಣುಗಳಿರುತ್ತವೆ. ನಮ್ಮ ಕೊಳದಲ್ಲಿರುವುದು ಸಾವಿರ. ಅಂದರೆ ಐದೂವರೆ ಲಕ್ಷ ಕೊಳಗಳನ್ನು ತಡಕಿದರೆ ಒಂದರಲ್ಲಿ ಒಂದೇ ಒಂದು ಬಿಡಿ ಹೈಡ್ರೋಜನ್ ಅಯಾನು ಸಿಕ್ಕೀತು. ಮಿಕ್ಕ ಕೊಳಗಳ ಪಿಎಚ್ ಎಷ್ಟು? ಪ್ರಶ್ನೆಗೇ ಅರ್ಥವಿಲ್ಲ. ಆದ್ದರಿಂದ ಸಂಶೋಧಕರು ಕಿಣ್ವವನ್ನು ಯಾವ ಪಿಎಚ್‌ನ ದ್ರಾವಣದಿಂದ ತೆಗೆದು ಸೇರಿಸಿದರು ಎಂಬುದನ್ನು ಮಾತ್ರ ಬರೆದಿಡುತ್ತಾರೆ. ಕಿಣ್ವ ತನ್ನ ಮೈಮೇಲಿನ ವಿದ್ಯುತ್ತಿನ ಹಂಚಿಕೆಯಲ್ಲಿ ಹಳೆಯ ದ್ರಾವಣದ ನೆನಪನ್ನು ಒಂದಿಷ್ಟು ಉಳಿಸಿಕೊಂಡಿರುತ್ತದೆ.

ಲೆಕ್ಕ ಮುಂದುವರಿಸಿದರೆ ಇನ್ನೊಂದು ಸತ್ಯ ಬಯಲಾಗುತ್ತದೆ. ಒಂದು ಲೀಟರಿಗೆ 25 ಮಿಲಿಗ್ರಾಂ ಕೈಮೊಟ್ರಿಪ್ಸಿನ್ ಹಾಕಿದರೆ, ಸಾವಿರ ಕೊಳಗಳಲ್ಲಿ ಒಂದರಲ್ಲಿ ಮಾತ್ರ ಕಿಣ್ವ ಇರುತ್ತದೆ. 999 ಖಾಲಿ. ಕತ್ತರಿಸಬೇಕಾದ ಅಣು ಬೇರೆ ಯಾವುದೋ ಕೊಳದಲ್ಲಿದ್ದರೆ ಕಿಣ್ವದ ತನಕ ಬರುವುದು ಹೇಗೆ? ಕೊಳಗಳು ಸುಮ್ಮನೆ ಕೂತಿರುವುದಿಲ್ಲ. ಸದಾ ಓಡಾಡುತ್ತ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರುತ್ತವೆ. ಸಾವಿರ ಡಿಕ್ಕಿಗೆ ಒಂದರಂತೆ ಎರಡು ಕೊಳಗಳ ಗೋಡೆ ಬಿಚ್ಚಿ, ಕ್ಷಣಮಾತ್ರ ಒಂದಾಗಿ, ಒಳಗಿನ ಸರಕು ಅದಲುಬದಲಾಗಿ, ಮತ್ತೆ ಬೇರಾಗುತ್ತವೆ. ಇಷ್ಟೆಲ್ಲ ನಡೆಯುವುದು ಮಿಲಿಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ. ಹಾಗಾಗಿ ಕಿಣ್ವದ ಮಾಮೂಲಿ ವೇಗಕ್ಕೆ ಸಾಗಾಟದ ಕೊರತೆ ಬಾಧಿಸುವುದು ಅಪರೂಪ.

ಕೆಲವು ಕಿಣ್ವಗಳು ಕೊಳದಲ್ಲಿ ನೀರಿಗಿಂತ ಎಷ್ಟೋ ವೇಗವಾಗಿ ಕೆಲಸ ಮಾಡುತ್ತವೆ ಎಂಬ ವರದಿಗಳು ಬಂದಾಗ ದೊಡ್ಡ ಗದ್ದಲವಾಯಿತು. ಹಾರ್ಸ್‌ರಾಡಿಶ್ ಎಂಬ ಖಾರದ ಬೇರಿನಿಂದ ತೆಗೆಯುವ ಪೆರಾಕ್ಸಿಡೇಸ್ ಹತ್ತಾರು ಪಟ್ಟು ಚುರುಕಾಯಿತೆಂದು ಮಾಸ್ಕೋದವರು ಹೇಳಿದರು. ಇಂಥ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಇಡೀ ದ್ರವದಲ್ಲಿ ನೀರು ನೂರಕ್ಕೆ ಎರಡು ಪಾಲೂ ಇಲ್ಲ. ನೀರಿನಲ್ಲಷ್ಟೇ ಕರಗುವ ವಸ್ತುವೊಂದನ್ನು ಹಾಕಿದರೆ ಅದೆಲ್ಲ ಕೊಳಗಳಲ್ಲೇ ಸೇರಿಕೊಂಡು, ಅಲ್ಲಿ ಅದರ ಸಾಂದ್ರತೆ ಐವತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಕಿಣ್ವದ ಸಾಮರ್ಥ್ಯ ನಿಜಕ್ಕೂ ಹೆಚ್ಚಿತೋ, ಅಥವಾ ಅದರ ಬಾಯಿಗೆ ತುತ್ತು ಹತ್ತಿರ ಬಂತೋ ಎಂಬುದನ್ನು ಬಿಡಿಸಿ ನೋಡದ ಹೊರತು ಹೊಗಳುವಂತಿಲ್ಲ. ಎರಡೂ ಬಗೆಯ ಉದಾಹರಣೆಗಳಿವೆ.

ಗಂಟೆಯ ಆಕಾರದ ನಿಯಮಕ್ಕೂ ಅಪವಾದಗಳು ಕಾಣಿಸಿಕೊಂಡವು. ಅದರಲ್ಲಿ ಮುಖ್ಯವಾದದ್ದು ಕೊಬ್ಬು ಒಡೆಯುವ ಲೈಪೇಸ್. ಧನ ವಿದ್ಯುತ್ತಿನ ತಲೆಯುಳ್ಳ ಸಾಬೂನುಗಳ ಕೊಳದಲ್ಲಿ ನೀರು ಎಷ್ಟೇ ಬದಲಿಸಿದರೂ ಅದರ ವೇಗ ಹೆಚ್ಚುಕಡಿಮೆ ಸ್ಥಿರವಾಗಿತ್ತು. ಲೈಪೇಸ್ ಕೊಳದ ನಡುವೆ ಇರುವುದಿಲ್ಲ, ಎಣ್ಣೆ ಮತ್ತು ನೀರು ಕೂಡುವ ಗಡಿಯಲ್ಲಿ ಕೂರುತ್ತದೆ. ಹಾಗಿದ್ದರೆ ಗಡಿಯ ಸ್ವರೂಪವನ್ನೇ ಬದಲಿಸಿದರೆ? ಹೈದರಾಬಾದಿನಲ್ಲಿ ಈ ಕೆಲಸ ಆರಂಭಿಸಿ ಆಮೇಲೆ ಕೋಲ್ಕತ್ತದಲ್ಲಿ ಬೆಳೆಸಿದ ಪ್ರಶಾಂತ ಕುಮಾರ್ ದಾಸ್ ಅವರ ತಂಡ ಸಾಬೂನಿನ ತಲೆಯನ್ನು ದೊಡ್ಡದು ಮಾಡುತ್ತ ಹೋಯಿತು. ತಲೆ ದಪ್ಪವಾದಷ್ಟೂ ಅಣುಗಳ ನಡುವೆ ಸಂದಿ ಹೆಚ್ಚು. ಆ ಸಂದಿಯಲ್ಲಿ ಕಿಣ್ವಕ್ಕೂ ನೀರಿಗೂ ಕೊಬ್ಬಿಗೂ ಜಾಗ ಸಿಕ್ಕಿ ಲೈಪೇಸ್ ಚುರುಕಾಯಿತು. ಕೊಳದ ಗಾತ್ರವಲ್ಲ, ದಡದ ವಿನ್ಯಾಸವೇ ಮುಖ್ಯವಾದ ಪ್ರಕರಣ ಇದು.

ನೀರಿನ ಲಗಾಮಿನ ಮಾತಿಗೆ ಮರಳಬಹುದು. ಸೆರೀನಿಗೆ ಅಂಟಿದ ತುಂಡನ್ನು ಬಿಡಿಸಲು ನೀರೇ ಬರಬೇಕೆಂದಿಲ್ಲ. ನೀರು ಅಪರೂಪವಾಗಿ, ಇನ್ನೊಂದು ಅಮೈನೋ ಆಮ್ಲ ಧಾರಾಳವಾಗಿದ್ದರೆ ಆ ಜಾಗಕ್ಕೆ ಅದೇ ನುಗ್ಗುತ್ತದೆ. ಆಗ ಕೊಂಡಿ ಮುರಿಯುವ ಬದಲು ಹೊಸ ಕೊಂಡಿ ಬೆಸೆದುಕೊಳ್ಳುತ್ತದೆ. ಕತ್ತರಿ ಸೂಜಿದಾರವಾಗುವ ಈ ಕೈಚಳಕವನ್ನು 1984ರಲ್ಲಿ ಲುಯಿಸಿ ಮತ್ತು ಲ್ಯೂಥಿ ತೋರಿಸಿದರು: ಹಿಮ್ಮುಖ ಮಿಸೆಲ್‌ನಲ್ಲಿ ಕೈಮೊಟ್ರಿಪ್ಸಿನ್ನಿನಿಂದ ಪೆಪ್ಟೈಡುಗಳನ್ನು, ಅಂದರೆ ಅಮೈನೋ ಆಮ್ಲಗಳ ಕಿರು ಸರಪಣಿಗಳನ್ನು, ಕಟ್ಟಿದರು. ಹೀಗೆ ಹುಟ್ಟಿದ ಪೆಪ್ಟೈಡ್ ಎಣ್ಣೆಯಲ್ಲಿ ಕರಗುವಂಥದ್ದಾದರೆ ಕೂಡಲೇ ಕೊಳ ಬಿಟ್ಟು ಹೊರಗೆ ಹೋಗುತ್ತದೆ, ಮತ್ತೆ ಕಿಣ್ವದ ಬಾಯಿಗೆ ಬೀಳುವ ಭಯ ಕಡಿಮೆ. ಲೈಪೇಸ್‌ಗಳಿಗೂ ಇದೇ ಪಾಠ ಹೇಳಿಕೊಡಲಾಗಿದೆ. ನೀರು ಕಡಿಮೆಯಾದಾಗ ಅವು ಕೊಬ್ಬನ್ನು ಒಡೆಯುವುದು ಬಿಟ್ಟು ಜೋಡಿಸತೊಡಗುತ್ತವೆ. ಫ್ರಾನ್ಸಿನ ಪಿಯೆರ್ ದುಝು ಇನ್ನೊಂದು ಗುಣವನ್ನು ಹಿಡಿದರು. ಇಷ್ಟು ಸಣ್ಣ ಕೊಳದ ನೀರು ಸೊನ್ನೆ ಡಿಗ್ರಿಗಿಂತ ಕೆಳಗೂ ಹೆಪ್ಪುಗಟ್ಟದೆ ಉಳಿಯುತ್ತದೆ. ಹಾಗಾಗಿ ಕಿಣ್ವದ ಕ್ರಿಯೆಯನ್ನು ಚಳಿಯಲ್ಲಿ ನಿಧಾನಗೊಳಿಸಿ, ಹೆಜ್ಜೆ ಹೆಜ್ಜೆಯಾಗಿ ನೋಡಬಹುದು.

ಹೀಗಿದ್ದೂ ಕಾರ್ಖಾನೆಗಳು ಹಿಮ್ಮುಖ ಮಿಸೆಲ್‌ಗಳನ್ನು ಅಪ್ಪಿಕೊಳ್ಳಲಿಲ್ಲ. ಕಾರಣ ತೀರಾ ಲೌಕಿಕ. ಕ್ರಿಯೆ ಮುಗಿದ ಮೇಲೆ ಸಿಕ್ಕುವುದು ಬೇಕಾದ ಪದಾರ್ಥ, ಬೇಡದ ಸಾಬೂನು, ಐಸೊಆಕ್ಟೇನ್ ಮೂರೂ ಕಲಸಿಹೋದ ದ್ರವ. ಲೀಟರಿಗೆ 44 ಗ್ರಾಂ ಸಾಬೂನನ್ನು ಕೊನೆಯ ಕಣದವರೆಗೂ ತೆಗೆಯುವುದು ದುಬಾರಿ ಕೆಲಸ. ತಿನ್ನುವ ಪದಾರ್ಥವಾದರಂತೂ ಇನ್ನೂ ಕಷ್ಟ. ಅಷ್ಟರಲ್ಲಿ ಪ್ರತಿಸ್ಪರ್ಧಿಯೂ ಹುಟ್ಟಿಕೊಂಡಿತ್ತು. ಮಾಸ್ಕೋದಲ್ಲೇ ಕಲಿತು ಅಮೆರಿಕಕ್ಕೆ ವಲಸೆ ಹೋದ ಅಲೆಕ್ಸಾಂಡರ್ ಕ್ಲಿಬಾನೋವ್, 1984ರಲ್ಲಿ ಅಲೆಕ್ಸಿ ಜಾಕ್ಸ್ ಜೊತೆ ಇನ್ನೂ ಹುಂಬತನದ ಪ್ರಯೋಗ ಮಾಡಿದರು. ಹಂದಿಯ ಲೈಪೇಸಿನ ಒಣ ಪುಡಿಯನ್ನು ನೇರ ಸಾವಯವ ದ್ರಾವಕಕ್ಕೇ ಹಾಕಿ, 100 ಡಿಗ್ರಿಗೆ ಕಾಯಿಸಿದರು. ಕಿಣ್ವ ಗಂಟೆಗಟ್ಟಲೆ ಕೆಲಸ ಮಾಡಿತು. ಮೈಗಂಟಿದ ಚೂರು ತೇವವೇ ಅದಕ್ಕೆ ಸಾಕಾಯಿತು, ಬಿಗಿಯಾಗಿ ಮಡಿಚಿದ ಮೈ ಬಿಚ್ಚಿಕೊಳ್ಳಲು ಬೇಕಾದ ನೀರೇ ಅಲ್ಲಿರಲಿಲ್ಲ. ಪುಡಿಯಾದರೆ ಸೋಸಿ ತೆಗೆಯಬಹುದು, ಹರಳಿಗೆ ಅಂಟಿಸಿದ ಕಿಣ್ವವಾದರೆ ಇನ್ನೂ ಸುಲಭ. ಉದ್ಯಮಗಳು ಆ ಕಡೆ ವಾಲಿದ್ದು ಸಹಜವೇ.

ಕೊಳಗಳ ನಿಜವಾದ ಬೇಡಿಕೆ ಬೇರೆ ಕಡೆಯಿಂದ ಬಂತು. ಲುಯಿಸಿ ಜೀವದ ಮೂಲದ ಬೆನ್ನುಹತ್ತಿದರು. 1990ರ ಹೊತ್ತಿಗೆ ಅವರ ಗುಂಪು ತನ್ನೊಳಗಿನ ಕ್ರಿಯೆಯಿಂದ ತನ್ನದೇ ಗೋಡೆಯ ಸಾಬೂನನ್ನು ತಯಾರಿಸಿಕೊಂಡು ಸಂಖ್ಯೆಯಲ್ಲಿ ಬೆಳೆಯುವ ಹಿಮ್ಮುಖ ಮಿಸೆಲ್‌ಗಳನ್ನು ವರದಿ ಮಾಡಿತು, ಮರುವರ್ಷ ಕಿಣ್ವವೇ ಆ ಕೆಲಸ ನಡೆಸುವ ಬಗೆಯನ್ನೂ. ಅಮೆರಿಕದ ಜೋಶುವಾ ವಾಂಡ್ 1998ರಲ್ಲಿ ಯುಬಿಕ್ವಿಟಿನ್ ಎಂಬ 76 ಅಮೈನೋ ಆಮ್ಲಗಳ ಪ್ರೋಟೀನನ್ನು ಕೊಳದಲ್ಲಿಟ್ಟು, ಆ ಕೊಳಗಳನ್ನು ಪೆಂಟೇನಿನಂಥ ಅತಿ ತೆಳು ದ್ರವದಲ್ಲಿ ತೇಲಿಬಿಟ್ಟರು. ಅಣುಗಳ ರಚನೆ ತೋರಿಸುವ ಎನ್‌ಎಂಆರ್ ಯಂತ್ರಕ್ಕೆ ಪ್ರೋಟೀನು ವೇಗವಾಗಿ ತಿರುಗಿದಷ್ಟೂ ಚಿತ್ರ ಸ್ಪಷ್ಟ. ನೀರಿನಲ್ಲಿ ದೊಡ್ಡ ಪ್ರೋಟೀನುಗಳು ತೆವಳುತ್ತವೆ. ತೆಳು ದ್ರವದಲ್ಲಿ ಕೊಳದ ಸಮೇತ ಗಿರ್ರನೆ ತಿರುಗುತ್ತವೆ.

ಪ್ರತ್ಯೇಕಿಸುವ ಕೆಲಸಕ್ಕೂ ಕೊಳಗಳು ಒದಗಿದವು. 1987ರಲ್ಲಿ ಎಂಐಟಿಯ ಗೋಕ್ಲೆನ್ ಮತ್ತು ಹ್ಯಾಟನ್ ಮೂರು ಪ್ರೋಟೀನುಗಳ ಕಲಬೆರಕೆಯನ್ನು ಎಒಟಿಯಿಂದ ಬಿಡಿಸಿ ತೋರಿಸಿದರು. ನೀರಿನ ಪಿಎಚ್ ಹೊಂದಿಸಿದರೆ ಪ್ರೋಟೀನಿನ ಮೇಲಿನ ವಿದ್ಯುತ್ತು ಬದಲಾಗುತ್ತದೆ. ಸಾಬೂನಿನ ತಲೆಗೆ ವಿರುದ್ಧ ವಿದ್ಯುತ್ತಿರುವ ಪ್ರೋಟೀನು ಕೊಳಕ್ಕೆ ಧುಮುಕುತ್ತದೆ, ಉಳಿದದ್ದು ಹೊರಗೇ ನಿಲ್ಲುತ್ತದೆ. ಆಮೇಲೆ ಹೆಚ್ಚು ಉಪ್ಪಿರುವ ಹೊಸ ನೀರಿನ ಜೊತೆ ಅಲುಗಾಡಿಸಿದರೆ ಕೊಳ ಕುಗ್ಗಿ, ಸೆಳೆತ ಸಡಿಲವಾಗಿ, ಪ್ರೋಟೀನು ಹೊರಕ್ಕೆ ಬರುತ್ತದೆ.

ಇದನ್ನು ಕರ್ನಾಟಕದಲ್ಲಿ ಕೈಗೆತ್ತಿಕೊಂಡದ್ದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಊರಿನವರ ಬಾಯಲ್ಲಿ ಸಿಎಫ್‌ಟಿಆರ್‌ಐ. ಅನಾನಸಿನ ಡಬ್ಬಿ ತುಂಬುವ ಕಡೆ ಸಿಪ್ಪೆ, ನಡುವಿನ ದಿಂಡು, ತುರಾಯಿ ರಾಶಿ ಬೀಳುತ್ತವೆ. ಅವುಗಳಲ್ಲೆಲ್ಲ ಬ್ರೊಮೆಲೈನ್ ಇದೆ. ಅನಾನಸ್ ಜಾಸ್ತಿ ತಿಂದಾಗ ನಾಲಿಗೆ ಚುರುಗುಟ್ಟುವುದರಲ್ಲಿ ಕೈವಾಡವಿರುವ ಕಿಣ್ವ, ಮಾಂಸ ಮೆತ್ತಗಾಗಿಸಲು ಮತ್ತು ಔಷಧಕ್ಕೆ ಬೇಡಿಕೆಯುಳ್ಳದ್ದು. ಉಮೇಶ್ ಹೆಬ್ಬಾರ್, ಸುಮನಾ ಮತ್ತು ಕೆ.ಎಸ್.ಎಂ.ಎಸ್. ರಾಘವರಾವ್ 2008ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಈ ಕಸದ ರಸವನ್ನು ಸಿಟಿಎಬಿ ಎಂಬ ಸಾಬೂನು ಕರಗಿದ ಐಸೊಆಕ್ಟೇನಿನ ಜೊತೆ ಬೆರೆಸಿದರು. ನೆರವಿಗೆ ಹೆಕ್ಸನಾಲ್ ಮತ್ತು ಬ್ಯುಟನಾಲ್, ಏಕೆಂದರೆ ಸಿಟಿಎಬಿಗೆ ಎಒಟಿಯಂತೆ ಒಂಟಿಯಾಗಿ ಕೊಳ ಕಟ್ಟಲು ಬಾರದು. ಬ್ರೊಮೆಲೈನ್ ಕೊಳಗಳಿಗೆ ಇಳಿಯಿತು, ಉಪ್ಪಿನ ನೀರಿಗೆ ಮರಳಿತು. ದಿಂಡಿನ ರಸದಿಂದ ಸಿಕ್ಕ ಕಿಣ್ವ 5.2 ಪಟ್ಟು ಶುದ್ಧವಾಗಿತ್ತು. ಶಕ್ತಿಯ ಲೆಕ್ಕದಲ್ಲಿ ಹಾಕಿದ್ದಕ್ಕೆ ನೂರಕ್ಕೆ 106 ವಾಪಸು ಬಂದಿತ್ತು, ರಸದಲ್ಲಿ ಕಿಣ್ವದ ಜೊತೆಗಿದ್ದ ಬೇಡದ ಪದಾರ್ಥಗಳು ಬಿಟ್ಟುಹೋದಾಗ ಹೀಗಾಗುವುದುಂಟು. ಸಿಪ್ಪೆಯಿಂದ ಬಂದದ್ದು 2.1 ಪಟ್ಟು, ತುರಾಯಿಯಿಂದ 1.7 ಪಟ್ಟು ಮಾತ್ರ ಶುದ್ಧ.